ಹೆಂಗಸರ ಕಡೆಯ ಬಾಗಿಲು

ಹೋದ ತಿಂಗಳು ನಾಗಮಂಗಲದ ಒಂದು ಛತ್ರದಲ್ಲಿ ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಎರಡನೆಯ ಪಂಕ್ತಿ ಊಟಕ್ಕೆ ಕೂತಾಗ ಕರೆಂಟು ಹೋಯಿತು, ಜನರೇಟರ್ ಹಾಕಿದರು. ಎಲ್ಲೋ ಒಂದು ವೈರು ಕಾದು ಪ್ಲಾಸ್ಟಿಕ್ ಕರಗಿದ ವಾಸನೆ ಬಂತು. ಬೇರೆ ಯಾರೂ ಗಮನಿಸಲಿಲ್ಲ. ನಾನು ಎಲೆ ಬಿಟ್ಟು ಎದ್ದೆ. "ಅತ್ತಿಗೆ, ಪಾಯಸಾನೇ ಬಂದಿಲ್ಲ ಇನ್ನೂ" ಎಂದು ನಾದಿನಿ ಕರೆಯುತ್ತಿದ್ದಳು. ನಾನು ಆಗಲೇ ಗೋಡೆಗುಂಟ ನಡೆದು ಒಂದೊಂದೇ ಬಾಗಿಲನ್ನು ತಳ್ಳಿ ನೋಡುತ್ತಿದ್ದೆ. ಅಡುಗೆಮನೆಯ ಕಡೆಯದು ತೆರೆದಿತ್ತು. ವೇದಿಕೆಯ ಪಕ್ಕದ್ದಕ್ಕೆ ಹೊರಗಿನಿಂದ ಬೀಗ. ಛತ್ರದ ಮ್ಯಾನೇಜರನ್ನು ಹುಡುಕಿ ಕರೆತಂದು, ಅವನು ಬೀಗ ತೆಗೆಯುವ ತನಕ ಅಲ್ಲಿಂದ ಕದಲಲಿಲ್ಲ.

"ಏನ್ ಮೇಡಂ, ಎಣ್ಮಕ್ಳು ಒಡವೆ ಆಕ್ಕೊಂಡ್ ಬಂದಿರ್ತಾರೆ. ಯಾರಾದ್ರೂ ನುಗ್ಬುಟ್ರೆ?" ಎಂದು ಅವನು ನನಗೇ ಬುದ್ಧಿ ಹೇಳಿದ.

ನಾನು ತೆರೆದ ಬಾಗಿಲನ್ನು ಹಿಡಿದೇ ನಿಂತಿದ್ದೆ. ಅದನ್ನು ಅವನು ಹೆದರಿಕೆ ಎಂದುಕೊಂಡಿರಬೇಕು. ಅರ್ಧ ಹೆದರಿಕೆ, ನಿಜ. ಉಳಿದರ್ಧ ಸಿಟ್ಟು. ಇದೇ ಮಾತನ್ನು ಇದೇ ಧಾಟಿಯಲ್ಲಿ ನಾನು ಹುಡುಗಿಯಾಗಿದ್ದಾಗ ಕೇಳಿದ್ದೆ. ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇಷ್ಟವೂ ನನಗಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗೆ ಕಾಯುತ್ತಾ ಕ್ಯಾತನಹಳ್ಳಿಯ ಸೋದರಮಾವನ ಮನೆಯಲ್ಲಿದ್ದೆ. ಮಾವನಿಗೆ ನಾಲೆಯ ಬಯಲಿನಲ್ಲಿ ಕಬ್ಬಿನ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕಿ ಬಂದ ಮೇಲೆಯೇ ಅವರು ಮನೆಯವರೊಂದಿಗೆ ಮಾತಾಡುವುದು. ಅವರ ಒಬ್ಬಳೇ ಮಗಳು ಸವಿತಾ. ಪಿಯುಸಿ ಮುಗಿಸಿದ್ದಳು, ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳು ಹಾಡುತ್ತಿದ್ದಳು. ಹಸುವಿಗೆ ಹುಲ್ಲು ಹಾಕುವಾಗ, ಪಾತ್ರೆ ಉಜ್ಜುವಾಗ, ನಾಲೆಯ ಸೋಪಾನದ ಮೇಲೆ ಬಟ್ಟೆ ಒಗೆಯುವಾಗಲೂ ಹಾಡುತ್ತಿದ್ದಳು. ಗಂಟಲು ಎತ್ತಿದರೆ ಆಚೆ ದಡದ ಹೆಂಗಸರು ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಕೇಳುತ್ತಿದ್ದರು.

ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಆರ್ಕೆಸ್ಟ್ರಾದ ಹುಚ್ಚು. ಪ್ರತಿ ಊರಿನಲ್ಲೂ ನಾಲ್ಕು ಹುಡುಗರು ಸೇರಿ ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು ಹೊಂದಿಸಿಕೊಂಡು ತಂಡ ಕಟ್ಟುತ್ತಿದ್ದರು. ಗಣೇಶ ಕೂರಿಸಿದಲ್ಲೆಲ್ಲ ರಸಮಂಜರಿ. ಪಾಂಡವಪುರದ ತಂಡದ ನಾಗರಾಜ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಕೀಬೋರ್ಡ್ ನುಡಿಸುತ್ತಿದ್ದ. ಅವನೊಂದು ದಿನ ಮಾವನ ಜಗಲಿಗೆ ಬಂದು ಕೂತ.

"ಗೌಡ್ರೇ, ಮೈಸೂರಿಂದ ಹಾಡೋರ್ನ ಕರ್ಸಿ ಸಾಕಾಗೋಯ್ತು. ಬಸ್ಸು ತಪ್ತು ಅಂತಾರೆ, ಗಂಟ್ಲು ಕಟ್ತು ಅಂತಾರೆ. ನಿಮ್ ಮಗ್ಳು ಶಾಲೇಲಿ ಹಾಡಿದ್ದ ಕೇಳಿವ್ನಿ. ಕಳ್ಸಿ ಕೊಡಿ."

ಮಾವ ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತರು. ಸವಿತಾ ಬಾಗಿಲ ಹಿಂದೆ ನನ್ನ ಮುಂಗೈ ಹಿಡಿದು ನಿಂತಿದ್ದಳು. ಉಗುರು ಚುಚ್ಚುತ್ತಿತ್ತು.

"ಆಡ್ಲಿ" ಎಂದರು ಕೊನೆಗೆ. "ಆದ್ರೆ ಈ ಸೀಜನ್ನು ಮಾತ್ರ ನೋಡ್ತೀನಿ ಕಣಪ್ಪ. ಒಂದೇ ಒಂದ್ ಕೆಟ್ಟ ಮಾತು ನನ್ ಕಿವೀಗ್ ಬಿತ್ತೋ, ಆವತ್ಗೇ ಮುಗೀತು. ಬೀಳ್ನಿಲ್ವೋ, ಮುಂದ್ಕೂ ಆಡ್ಕೊಳ್ಲಿ, ನಾನ್ಯಾಕ್ ಬ್ಯಾಡ ಅನ್ಲಿ. ಇನ್ನೊಂದು, ಇವ್ಳು ಜೊತೇಲ್ ಇರ್ಬೇಕು." ಇವಳು ಅಂದರೆ ನಾನು, ಓದಿದವಳು.

ಸವಿತಾ ಆ ರಾತ್ರಿ ನನ್ನ ಪಕ್ಕ ಮಲಗಿ ಹೇಳಿದ್ದು ಒಂದೇ: "ಅಕ್ಕಾ, ಈ ಸೀಜನ್ ಒಂದ್ ದಾಟ್ಬುಟ್ರೆ ಸಾಕು."

ಮೊದಲ ಕಾರ್ಯಕ್ರಮ ಶ್ರೀರಂಗಪಟ್ಟಣದಲ್ಲಿ, ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಬೀದಿಯಲ್ಲಿ. ಪೆಂಡಾಲಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಅವಳು ಪಲ್ಲವಿ ಮುಗಿಸುವಷ್ಟರಲ್ಲಿ ರೈಲೊಂದು ಬಂದು ಎಲ್ಲವನ್ನೂ ನುಂಗಿತು. ಸವಿತಾ ಗಾಬರಿಯಾಗಲಿಲ್ಲ. ಮೈಕ್ ಹಿಡಿದು ರೈಲು ಹೋಗುವ ತನಕ ನಿಂತಳು, ಬಿಟ್ಟ ಜಾಗದಿಂದಲೇ ಎತ್ತಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ತಾವು ಬರುವುದಿಲ್ಲ ಎಂದಿದ್ದ ಮಾವ ತಲೆಗೆ ಟವೆಲ್ಲು ಹೊದ್ದು ಕಡೆಯ ಸಾಲಿನಲ್ಲಿ ನಿಂತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಗಿ ಅಲ್ಲಿಂದ ಮರೆಯಾದರು.

ನಾಗಮಂಗಲದಲ್ಲಿ ಒಬ್ಬ ಪಡ್ಡೆ ಹುಡುಗ ಸೈಕಲ್ಲಿನ ಮೇಲೆ ಹತ್ತಿ ನಿಂತು ಕೂಗಿದ: "ಅಕ್ಕಯ್ಯೋ, ಬರೀ ಆಡ್ತೀಯಾ, ಒಸಿ ಕುಣಿಯವ್ವಾ!"

ಸವಿತಾ ಮೈಕಿನಲ್ಲೇ ಅಂದಳು: "ಬಾರಣ್ಣ ಮೇಲಕ್ಕೆ. ನಾನ್ ಹಾಡ್ತೀನಿ, ನೀನ್ ಕುಣಿ."

ಊರಿಗೂರೇ ನಕ್ಕಿತು. ಹಿಂದಿರುಗುವ ಬಸ್ಸಿನಲ್ಲಿ ಮಾತ್ರ ಅವಳಿಗೆ ನಗು ಬರಲಿಲ್ಲ. ಈ ಮಾತು ಅಪ್ಪನ ಕಿವಿಗೆ ಬೀಳುತ್ತದೆ ಎಂದು ಬೆವರುತ್ತಿದ್ದಳು. ಬಿತ್ತು. ಮಾರನೆಯ ದಿನ ಹಾಲಿನ ಕ್ಯಾನು ಇಳಿಸುತ್ತಾ ಮಾವ ಕೇಳಿದರು: "ಕುಣುದ್ನಾ ಅವ್ನು?"

"ಇಲ್ಲಪ್ಪ."

"ಅಂಗಾರೆ ಬುಡು."

ಅಷ್ಟು ಹಗುರವಾಗಿ ಹೋಗುತ್ತಿದ್ದ ದಿನಗಳು. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಕೊನೆಯ ಕಾರ್ಯಕ್ರಮ ಕೆ.ಆರ್. ಪೇಟೆಯ ರಸ್ತೆಯಲ್ಲಿ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಮೂರು ತಂಡಗಳು, ಒಂದರ ನಂತರ ಒಂದು. ಹೆಂಗಸರು ಬೇಗ ಮನೆ ಸೇರಲಿ ಎಂದು ದೀಪ ಹಚ್ಚುವ ಹೊತ್ತಿಗೇ ಆರಂಭ. ಮಳೆ ಬಿಡುವ ಲಕ್ಷಣವಿರಲಿಲ್ಲ, ಪೆಂಡಾಲಿನೊಳಗೆ ಕೆಸರು. ಆದ್ದರಿಂದ ಗಣೇಶೋತ್ಸವ ಸಮಿತಿಯವರು ಎಲ್ಲವನ್ನೂ ಒಂದು ಹಳೆಯ ಅಕ್ಕಿ ಗಿರಣಿಯ ಗೋಡೌನಿಗೆ ಸಾಗಿಸಿದ್ದರು. ಭತ್ತದ ಮೂಟೆಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ವೇದಿಕೆಯ ಮುಂದೆ ಗೋಡೌನನ್ನು ಉದ್ದಕ್ಕೆ ಎರಡು ಭಾಗ ಮಾಡಿ, ನಡುವೆ ಗಳ ಕಟ್ಟಿ, ಗೋಣಿತಾಟಿನ ಪರದೆ ಇಳಿಬಿಟ್ಟಿದ್ದರು. ಒಂದು ಕಡೆ ಗಂಡಸರು, ಅವರ ಕಡೆ ರಸ್ತೆಗೆ ತೆರೆಯುವ ದೊಡ್ಡ ಬಾಗಿಲು. ಇನ್ನೊಂದು ಕಡೆ ಹೆಂಗಸರು, ಮಕ್ಕಳು. ನಮ್ಮ ಕಡೆ ಗಿರಣಿಯ ಹಿತ್ತಲಿಗೆ ತೆರೆಯುವ ಚಿಕ್ಕ ಬಾಗಿಲು. ವೇದಿಕೆಯ ನಮ್ಮ ಬದಿಗೆ ಆಳೆತ್ತರದ ಮೂಟೆಗಳ ಅಟ್ಟಿ, ಅದರ ಮೇಲೆ ಸ್ಪೀಕರು. ವೇದಿಕೆಯ ಮೇಲಿದ್ದವರು ನಮಗೆ ಸೊಂಟದಿಂದ ಮೇಲಕ್ಕೆ ಮಾತ್ರ ಕಾಣುತ್ತಿದ್ದರು, ನಮ್ಮ ಕಡೆಯಿಂದ ವೇದಿಕೆ ಹತ್ತಲು ದಾರಿಯಿರಲಿಲ್ಲ.

ಹೆಂಗಸರೆಲ್ಲ ಒಳಗೆ ಬಂದು ಕೂತ ಮೇಲೆ ಸಮಿತಿಯ ಯಜಮಾನ ಮರೀಗೌಡರು ಆ ಚಿಕ್ಕ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡರು. ಬೀಗ ಬೀಳುವ ಸದ್ದು ನನಗೆ ಕೇಳಿಸಿತು. ಅವರು ಸುತ್ತು ಹಾಕಿ ಗಂಡಸರ ಕಡೆಯಿಂದ ಬಂದಾಗ ನಾನು ಪರದೆ ಸರಿಸಿ ಕೇಳಿದೆ: "ಯಜಮಾನ್ರೇ, ಒಳಗೆ ಇಷ್ಟು ಜನ ಇದೀವಿ. ಬೀಗ ಯಾಕೆ?"

"ಓದಿರೋ ಎಣ್ಮಗ್ಳು, ನಿಂಗೇ ಗೊತ್ತಾಗ್ಬೇಕಲ್ವಾ?" ಎಂದರು. ಕೆಟ್ಟ ದನಿಯೇನಲ್ಲ, ಮನೆಯ ಹಿರಿಯರ ದನಿ. "ಓದ್ ವರ್ಸ ಈ ಬಾಗ್ಲಲ್ಲಿ ಪಡ್ಡೆ ಐಕ್ಳು ನುಗ್ಗಿ ಜಡೆ ಎಳುದ್ರು. ಬೀಗ ಆಕಿರೋದು ನಿಮ್ ಮರ್ವಾದೆಗೇ ಕಣವ್ವಾ." ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿ ಮೇಲೆ ಒಮ್ಮೆ ತಟ್ಟಿಕೊಂಡರು. ವೇದಿಕೆಯ ಪಕ್ಕ ಸರದಿ ಕಾಯುತ್ತಿದ್ದ ಸವಿತಾ ಅದನ್ನು ನೋಡುತ್ತಿದ್ದಳು.

ಜಡೆ ಎಳೆದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅವರು ಆವತ್ತೂ ಪರದೆಯ ಆಚೆ, ತೆರೆದ ಬಾಗಿಲಿನ ಪಕ್ಕದಲ್ಲಿ ಸಿಳ್ಳೆ ಹಾಕುತ್ತಾ ಕೂತಿದ್ದರು. ಬೀಗ ಬಿದ್ದದ್ದು ನಮಗೆ.

ನನ್ನ ಪಕ್ಕದಲ್ಲಿ ನಿಂಗಜ್ಜಿ ಎಂಬ ಮುದುಕಿ ಕೂತಿದ್ದರು. ಉಬ್ಬಸದ ರೋಗಿ. ಆದರೂ ಸೊಸೆಯ ತೋಳು ಹಿಡಿದು ಬಂದಿದ್ದರು. ಮೊದಲ ತಂಡದ ಡ್ರಮ್ಮಿನ ಸದ್ದಿಗೆ ಕಿವಿ ಮುಚ್ಚಿಕೊಂಡು, "ಅವ್ನಿಗೆ ಮನೇಲಿ ಮುದ್ದೆ ಇಕ್ಕಿಲ್ವೇನವ್ವಾ, ಆ ಪಾಟಿ ಬಡೀತಾವ್ನೆ?" ಎಂದರು. ನಮ್ಮ ಸಾಲಿನವರೆಲ್ಲ ನಕ್ಕರು. ನಮ್ಮ ತಂಡದ ಸರದಿ ಬಂದು ಸವಿತಾ ಹಾಡತೊಡಗಿದಾಗ ಮಾತ್ರ ಕಿವಿಯಿಂದ ಕೈ ತೆಗೆದರು. "ಯಾರ್ ಮಗ್ಳು ಇದು? ದಿಟ್ವಾಗ್ ಆಡ್ತದೆ" ಎಂದರು. ನಮ್ಮ ಮಾವನ ಮಗಳು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವಳ ಸೀಜನ್ನು ಮುಗಿಯಲು ಇನ್ನು ಉಳಿದದ್ದು ಎರಡೋ ಮೂರೋ ಹಾಡು.

ಆಗಿನ ದಿನಗಳಲ್ಲಿ ಇಂಥ ಕಾರ್ಯಕ್ರಮಕ್ಕೆ ಮೀಟರಿನ ಕರೆಂಟು ಯಾರು ತೆಗೆದುಕೊಳ್ಳುತ್ತಿದ್ದರು? ಕಂಬದ ತಂತಿಗೆ ಕೊಕ್ಕೆ ಸಿಕ್ಕಿಸಿ ಎಳೆಯುವುದೇ ಪದ್ಧತಿ. ಆ ತಂತಿ ಮಳೆಯಲ್ಲಿ ನೆನೆದು, ಗೋಡೌನಿನ ಸೂರಿನಲ್ಲಿ ತೂರಿ, ಪರದೆಯ ಗಳದ ಮೇಲೆ ಹಾದು ಬಂದಿತ್ತು. ವೇದಿಕೆಯ ಹತ್ತಿರ ಅದಕ್ಕೊಂದು ಗಂಟು. ರಾತ್ರಿ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಡುವ ಹೊತ್ತು ಬಂತು, ಕರೆಂಟು ಜೋರಾಯಿತು. ಅಲ್ಲಿಯವರೆಗೆ ಮಂಕಾಗಿ ಉರಿಯುತ್ತಿದ್ದ ಟ್ಯೂಬ್‌ಲೈಟುಗಳೆಲ್ಲ ಒಮ್ಮೆಗೇ ಬೆಳ್ಳಗಾದವು. ಗಂಡಸರ ಕಡೆ "ಹೋ" ಎಂದು ಸಂತೋಷದ ಕೂಗು ಎದ್ದಿತು. ಆ ಕೂಗು ಮುಗಿಯುವ ಮುಂಚೆ ಗಂಟಿನಿಂದ ಕಿಡಿ ಉದುರಿತು.

ಗೋಣಿತಾಟು ಮೊದಲು ಹೊಗೆಯಾಡಿತು. ಯಾರೋ ನೀರು ತರಲು ಕೂಗಿದರು. ವೈರು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಪರದೆ ವೇದಿಕೆಯ ತುದಿಯಿಂದ ಹಿಂದಕ್ಕೆ ಒಂದೇ ಸಮ ಉರಿಯುತ್ತಾ ಹೋಯಿತು. ಗಂಡಸರಿಗೂ ನಮಗೂ ನಡುವೆ ಬೆಂಕಿಯ ಗೋಡೆ ಎದ್ದಿತು. ದೀಪಗಳು ಆರಿದವು. ದೊಡ್ಡ ಬಾಗಿಲಿನ ಕಡೆ ಓಡುವ ಕಾಲುಗಳ ಸದ್ದು ಕೇಳಿತು. ನಾವು ಚಿಕ್ಕ ಬಾಗಿಲಿನ ಕಡೆ ಓಡಿದೆವು. ಬಾಗಿಲು ಅಲುಗಿತು, ತೆರೆಯಲಿಲ್ಲ. ಹಿಂದಿನವರಿಗೆ ಅದು ಗೊತ್ತಾಗದೆ ಒತ್ತುತ್ತಲೇ ಇದ್ದರು. ಯಾರದೋ ಬಳೆ ನನ್ನ ಕತ್ತಿನಲ್ಲಿ ಒಡೆಯಿತು. ಒಂದು ಮಗು ನನ್ನ ಮೊಣಕಾಲಿನ ಕೆಳಗೆ ಎಲ್ಲೋ ಅಳುತ್ತಿತ್ತು, ಬಗ್ಗಿ ಎತ್ತಿಕೊಳ್ಳಲು ಜಾಗವಿರಲಿಲ್ಲ. ನನಗೆ ಈಗಲೂ ಕನಸಿನಲ್ಲಿ ಬರುವುದು ಬೆಂಕಿಯಲ್ಲ. ನನ್ನ ಅಂಗೈಗೆ ತಾಗಿದ್ದ ಆ ಹಲಗೆ, ಅದು ಅಲುಗುತ್ತಿದ್ದ ರೀತಿ.

ಆಗ ಸ್ಪೀಕರಿನಿಂದ ಸವಿತಾಳ ದನಿ ಬಂತು. ತಂಡದವರು ಕರೆಂಟನ್ನು ನಂಬದೆ ಮೈಕಿಗೆ ಕಾರಿನ ಬ್ಯಾಟರಿ ಜೋಡಿಸಿದ್ದರು. ಊರಿನ ಕಂಬದ ಮೇಲಿನ ಹಾರ್ನ್ ಸ್ಪೀಕರಿಗೂ ಅದೇ ಸಂಪರ್ಕ.

"ಬಾಗ್ಲು ಒತ್ಬೇಡಿ, ಬೀಗ ಹಾಕೈತೆ. ಕೆಳಕ್ಕೆ ಕೂತ್ಕೊಳ್ರಿ. ಸೆರಗು ಮೂಗಿಗೆ ಹಿಡ್ಕೊಳ್ರಿ. ಮಕ್ಳುನ್ನ ಮೇಲಕ್ಕೆತ್ರಿ."

ಆಶ್ಚರ್ಯವೆಂದರೆ ಜನ ಕೇಳಿದರು. ಇಷ್ಟು ಹೊತ್ತು ಅವಳ ಹಾಡು ಕೇಳುತ್ತಿದ್ದ ಕಿವಿಗಳು ಅವು. ಒತ್ತಾಟ ಸಡಿಲವಾಯಿತು. ನಾನು ಬಗ್ಗಿ ಮಗುವನ್ನು ಎತ್ತಿದೆ. ಅದರ ತೋಳು ಜೋತಾಡುತ್ತಿತ್ತು.

ಆಮೇಲೆ ಅವಳು ಊರಿಗೆ ಕೇಳುವಂತೆ ಕೂಗತೊಡಗಿದಳು. "ಹೆಂಗಸ್ರ ಕಡೆ ಬಾಗ್ಲಿಗೆ ಬೀಗ ಐತೆ. ಬೀಗದ ಕೈ ಮರೀಗೌಡ್ರ ಹತ್ರ ಐತೆ. ಮರೀಗೌಡ್ರೇ, ಎಲ್ಲಿದ್ರೂ ಓಡ್ ಬನ್ನಿ! ಬೀಗ ತೆಗೀರಿ ಮರೀಗೌಡ್ರೇ! ಒಳಗೆ ನಿಮ್ಮನೆಯವ್ರೂ ಅವ್ರೆ!"

ಎಷ್ಟು ಸಲ ಕೂಗಿದಳೋ ನಾನು ಎಣಿಸಲಿಲ್ಲ. ನಡುನಡುವೆ ಕೆಮ್ಮು. ನಾಗರಾಜ ಅವಳನ್ನು ಎಳೆಯುತ್ತಿದ್ದದ್ದು ಮೈಕಿನಲ್ಲೇ ಕೇಳಿಸಿತು. "ಬಾರವ್ವಾ, ಹಲಗೆಗ್ ಹತ್ಕತಾ ಐತೆ" ಎಂದ. "ಬೀಗ ತೆಗ್ದವ್ರಾ ನೋಡು ಮೊದ್ಲು" ಎಂದಳು.

ಮರೀಗೌಡರು ಎಲ್ಲಿದ್ದರು? ಮುಖ್ಯ ಅತಿಥಿಗಳ ಜೊತೆ ತಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಅಲ್ಲಿಗೂ ಹಾರ್ನು ಕೇಳಿಸಿತು. ಓಡಿ ಬಂದರು, ಇಲ್ಲವೆನ್ನುವುದಿಲ್ಲ. ಬೀಗ ತೆಗೆದು ಬಾಗಿಲನ್ನು ಎಳೆದಾಗ ಮೊದಲು ಹೊರಬಿದ್ದವರಲ್ಲಿ ನಾನೂ ಒಬ್ಬಳು. ಅವರ ಬಲಗೈಯಲ್ಲಿ ಸಾರು ಇನ್ನೂ ಒಣಗಿರಲಿಲ್ಲ.

ಯಾರೂ ಸಾಯಲಿಲ್ಲ. ಸತ್ತಿದ್ದರೆ ಯಾರಾದರೂ ಪ್ರಶ್ನೆ ಕೇಳುತ್ತಿದ್ದರೋ ಏನೋ. ನಾನೆತ್ತಿದ ಮಗುವಿನ ತೋಳು ಮುರಿದಿತ್ತು. ನಿಂಗಜ್ಜಿ ಹಾಸಿಗೆ ಹಿಡಿದರು. ಸವಿತಾಳನ್ನು ನಾಗರಾಜ ಹೆಗಲಿಗೆ ಹಾಕಿಕೊಂಡು ದೊಡ್ಡ ಬಾಗಿಲಿನಿಂದ ಹೊರತಂದ. ವಾರಗಟ್ಟಲೆ ಅವಳ ಗಂಟಲಿನಿಂದ ಗಾಳಿಯಷ್ಟೇ ಬರುತ್ತಿತ್ತು. ಆಮೇಲೆ ಗೊಗ್ಗರು ದನಿ.

ಊರು ಮಾತಾಡಿಕೊಂಡದ್ದು ಕಂಬದ ಕೊಕ್ಕೆಯ ಬಗ್ಗೆ ಅಲ್ಲ, ಬೀಗದ ಬಗ್ಗೆಯೂ ಅಲ್ಲ. "ದೊಡ್ಡೋರ್ ಎಸ್ರಿಡ್ದು ಮೈಕಲ್ಲಿ ಕೂಗೋದಾ? ಅತಿಥಿಗಳ್ ಮುಂದೆ ಗೌಡ್ರು ಮಕ ಎಲ್ಲಿಟ್ಕೋಬೇಕು? ಆರ್ಕೆಸ್ಟ್ರಾದ್ ಎಣ್ಣು, ಬಾಯಿಗ್ ಅಂಕೆ ಇಲ್ಲ" ಎಂದು ಆಡಿಕೊಂಡರು. ಹಾಲಿನ ಡೇರಿಯಲ್ಲಿ, ಗಾಣದ ಹತ್ತಿರ, ಪಾಂಡವಪುರದ ಸಂತೆಯಲ್ಲಿ ಮಾವನ ಕಿವಿಗೆ ಬಿದ್ದದ್ದು ಈ ಮಾತು. ಆ ಹೆಂಗಸರು ಬದುಕಿದ್ದು ಅವಳ ದನಿಯಿಂದ ಎಂದು ನಾನು ಮಾವನ ಮುಂದೆ ಕಿರುಚಿದೆ. ಮಾವ ತಲೆ ಎತ್ತಲಿಲ್ಲ. "ಗೊತ್ತು ಕಣವ್ವಾ. ಗೊತ್ತಿಲ್ಲ ಅಂದ್ನಾ?" ಎಂದರು. ಗೊತ್ತಿದ್ದೂ ಹಾಗೆ ಕೂತಿದ್ದರಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ದೀಪಾವಳಿ ಕಳೆದ ಮೇಲೆ ಸಮಿತಿಯವರು ಇಬ್ಬರು ಕ್ಯಾತನಹಳ್ಳಿಗೆ ಬಂದರು. ಊಟದ ಎಲೆ ಬಿಟ್ಟು ಓಡಿಬಂದು ಹೆಂಗಸರು ಮಕ್ಕಳ ಪ್ರಾಣ ಉಳಿಸಿದ ಮರೀಗೌಡರಿಗೆ ಊರಿನ ಪರವಾಗಿ ಸನ್ಮಾನವಂತೆ. "ಮಗಾ ಏನೋ ಗಾಬ್ರೀಲ್ ಕೂಗ್ಬುಡ್ತು. ಬಂದು ಒಂದ್ ಪ್ರಾರ್ಥನೆ ಆಡ್ಬುಡ್ಲಿ. ಗೌಡ್ರೂ ಮರ್ತ್ಬುಡ್ತಾರೆ, ಊರೂ ಮರ್ತ್ಬುಡ್ತದೆ" ಎಂದರು.

ಮಾವನ ಮುಖ ಅಷ್ಟು ದಿನಗಳ ಮೇಲೆ ಬಿಚ್ಚಿಕೊಂಡಿತು. ಅವರು ಹೋದ ಮೇಲೆ ಮಗಳ ತಲೆ ಸವರಿ, "ಇದೊಂದ್ ಆಡ್ಬುಡು ಕಣವ್ವಾ. ಬಂದಿದ್ ಮಾತು ತೊಳ್ಕೊಂಡ್ ಓಯ್ತದೆ. ಬರೋ ವರ್ಸ ನಾಗರಾಜುಂಗೆ ನಾನೇ ಏಳ್ತೀನಿ" ಎಂದರು.

ಸನ್ಮಾನ ಆ ಊರಿನ ಶಾಲೆಯ ಸಭಾಂಗಣದಲ್ಲಿ. ಮುಂದೆ ಗಂಡಸರು, ಹಿಂದೆ ಹೆಂಗಸರು. ನಾನು ಒಳಗೆ ಹೋದವಳೇ ಹಿಂದಿನ ಬಾಗಿಲನ್ನು ತಳ್ಳಿ ನೋಡಿದೆ. ಸವಿತಾ ದೂರದಿಂದಲೇ ನನ್ನ ಮುಖ ನೋಡುತ್ತಿದ್ದಳು. ಹತ್ತಿರ ಬಂದು, "ಹಾಕವ್ರಾ?" ಎಂದಳು. ಹೂಂ ಎಂದೆ.

ನಿರೂಪಕರು ಅವಳ ಹೆಸರು ಕರೆದರು. ಮಾವ ಮುಂದಿನ ಸಾಲಿನಲ್ಲಿ ಕೂತಿದ್ದರು, ಬಿಳಿ ಅಂಗಿ ತೊಟ್ಟು. ಅವಳು ಮೈಕಿನ ಮುಂದೆ ನಿಂತು ಅಪ್ಪನನ್ನೊಮ್ಮೆ ನೋಡಿದಳು.

"ಹಿಂದಿನ ಬಾಗ್ಲಿಗೆ ಬೀಗ ಹಾಕೈತೆ. ತೆಗೀರಿ. ತೆಗೆದ್ಮೇಲೆ ಹಾಡ್ತೀನಿ."

ಯಾರೋ ನಕ್ಕರು. ನಿರೂಪಕರು ಅವಳ ಪಕ್ಕಕ್ಕೆ ಬಂದು, "ಪ್ರಾರ್ಥನೆ ಮೊದ್ಲಾಗ್ಲಮ್ಮಾ" ಎಂದರು.

"ಬಾಗ್ಲು ಮೊದ್ಲಾಗ್ಲಿ ಸಾರ್."

ಅವಳು ಮೈಕಿನಿಂದ ಕದಲಲಿಲ್ಲ. ಶ್ರೀರಂಗಪಟ್ಟಣದಲ್ಲಿ ರೈಲು ಹೋಗಲೆಂದು ನಿಂತಿದ್ದಳಲ್ಲ, ಅಷ್ಟೇ ಸಾವಧಾನವಾಗಿ ನಿಂತಿದ್ದಳು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ನಿಂಗಜ್ಜಿಯ ಸೊಸೆ ಎದ್ದು ನಿಂತಳು. "ತಗ್ದಾಕ್ರಲಾ ಬಾಗ್ಲ! ನಮ್ಮತ್ತೆ ಒಬ್ರು ಮಲೀಕ್ಕೊಂಡಿರೋದು ಸಾಲ್ದಾ?" ಎಂದು ಕೂಗಿದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ಎದ್ದರು.

ಸನ್ಮಾನಕ್ಕೆಂದು ಹೊಸ ಪಂಚೆಯುಟ್ಟು ವೇದಿಕೆಯ ಮೇಲೆ ಕೂತಿದ್ದ ಮರೀಗೌಡರು ಕೊನೆಗೆ ತಮ್ಮ ಜೇಬಿಗೇ ಕೈ ಹಾಕಿದರು. ಕೀಲಿ ಕೈಯಿಂದ ಕೈಗೆ ದಾಟಿ ಹಿಂದಕ್ಕೆ ಬಂತು. ಬೀಗ ತೆಗೆದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಸವಿತಾ ಕಣ್ಣು ಮುಚ್ಚಿ ಹಾಡಿದಳು. ದನಿ ಒಡೆದಿತ್ತು, ಮೇಲಿನ ಸ್ವರ ನಿಲ್ಲಲಿಲ್ಲ. ಒಂದು ಸಾಲನ್ನೂ ಬಿಡದೆ ಹಾಡಿ ಕೆಳಗಿಳಿದಳು. ಮರೀಗೌಡರಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು. ಭಾಷಣ ಮಾಡಿದವರು, ಇನ್ನು ಮುಂದೆ ಹೆಣ್ಣುಮಕ್ಕಳ ಕ್ಷೇಮದ ದೃಷ್ಟಿಯಿಂದ ಅವರನ್ನು ರಸಮಂಜರಿಗೆ ಸೇರಿಸುವುದಿಲ್ಲವೆಂದು ಊರು ತೀರ್ಮಾನಿಸಿದೆ ಎಂದರು. ಚಪ್ಪಾಳೆ ಬಿತ್ತು.

ಬಸ್ಸಿಗೆ ಕಾಯುತ್ತಾ ನಾವು ಮೂವರೂ ರಸ್ತೆ ಬದಿಯಲ್ಲಿ ನಿಂತಿದ್ದೆವು. ಬಸ್ಸಿನ ದೀಪ ಕಂಡ ಮೇಲೆ ಮಾವ ಅಂದರು:

"ಚೆನ್ನಾಗ್ ಆಡ್ದೆ ಕಣವ್ವಾ. ಇನ್ ಸಾಕು."

ಸವಿತಾ "ಹೂಂ ಕಣಪ್ಪ" ಎಂದಳು. ಅವಳಿಗೆ ಅದು ಮೈಕಿನ ಮುಂದೆ ನಿಂತಾಗಲೇ ಗೊತ್ತಿತ್ತು. ಮಾವ ಮೊದಲು ಹತ್ತಿ, ನೂಕಿಕೊಂಡು ಹೋಗಿ ನಮ್ಮಿಬ್ಬರಿಗೂ ಸೀಟು ಹಿಡಿದುಕೊಟ್ಟರು, ತಾವು ಮುಂದೆ ಕಂಬಿ ಹಿಡಿದು ನಿಂತರು. ಪಾಂಡವಪುರ ಬರುವ ತನಕ ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಅವರು ಒಮ್ಮೆಯೂ ಇತ್ತ ತಿರುಗಲಿಲ್ಲ.